ಹಾಡು ಮುಗಿದ ಮೇಲಿನ ಆರಾಧನೆ

‘ನಿಮ್ಮ ಸಭೇಲಿ ಆರಾಧನೆ ಎಷ್ಟು ಗಂಟೆಗೆ?’ ಪೀಣ್ಯ, ದಾಸರಹಳ್ಳಿ, ಹೆಗ್ಗನಹಳ್ಳಿ ಕಡೆಗೆ ಹೊಸದಾಗಿ ಬಾಡಿಗೆಗೆ ಬಂದ ಕ್ರೈಸ್ತ ಕುಟುಂಬ ಅಕ್ಕಪಕ್ಕದ ವಿಶ್ವಾಸಿಗಳನ್ನು ಮೊದಲು ಕೇಳುವ ಪ್ರಶ್ನೆ ಇದು. ಉತ್ತರ ಕಾರ್ಖಾನೆಯ ಪಾಳಿ ನೋಡಿಕೊಂಡು ಬರುತ್ತದೆ. ಒಂದು ಕಡೆ ಬೆಳಿಗ್ಗೆ ಏಳಕ್ಕೆ, ಇನ್ನೊಂದು ಕಡೆ ಹತ್ತೂವರೆಗೆ, ಭಾನುವಾರವೂ ಡ್ಯೂಟಿ ಇರುವವರಿಗೆಂದು ಮತ್ತೊಂದು ಕಡೆ ಸಂಜೆಗೆ. ಕೂಡುವ ಜಾಗ ಸ್ವಂತ ಚರ್ಚೇ ಇರಬಹುದು, ಮೊದಲ ಮಹಡಿಯ ಬಾಡಿಗೆ ಹಾಲ್ ಇರಬಹುದು, ಯಾರದೋ ಮನೆಯ ನಡುಮನೆ ಇರಬಹುದು.

ಒಳಗೆ ಹೋಗಿ ಕೂತರೆ ಅದೇ ಮಾತು ಇನ್ನಷ್ಟು ಚಿಕ್ಕದಾಗುತ್ತದೆ. ‘ಮೊದಲು ಆರಾಧನೆ, ಆಮೇಲೆ ವಾಕ್ಯ’ ಎನ್ನುತ್ತಾರೆ. ಕೀಬೋರ್ಡು, ಡ್ರಮ್ಸು, ಮೈಕು ಹಿಡಿದ ಯುವಕರ ಸುತ್ತ ಸಾಗುವ ಮೊದಲ ಮುಕ್ಕಾಲು ಗಂಟೆಯೇ ಆರಾಧನೆ. ಅದನ್ನು ನಡೆಸುವವರಿಗೆ ‘ವರ್ಶಿಪ್ ಲೀಡರ್’ ಎಂಬ ಹೆಸರು. ಬೋಧನೆ, ಕಾಣಿಕೆ, ಪ್ರಾರ್ಥನೆ ಎಲ್ಲವೂ ಅದರ ಆಚೆಗೆ ಉಳಿದವು. ದೇವರ ಮುಂದೆ ಮನುಷ್ಯ ಮಾಡುವ ಎಲ್ಲವನ್ನೂ ಹೊತ್ತಿದ್ದ ಪದವೊಂದು ನಮ್ಮ ಕಣ್ಣೆದುರೇ ಹಾಡಿನ ಸಮಯಕ್ಕೆ ಹೆಸರಾಗುತ್ತಿದೆ. ಹಾಡು ನನಗೆ ಪ್ರಿಯ. ಆದರೆ ಈ ಪದ ಇಷ್ಟು ಸಣ್ಣದಾಗುವುದನ್ನು ನೋಡುತ್ತ ಸುಮ್ಮನಿರಲಾಗದು. ಪದ ಸಣ್ಣದಾದಾಗ ಅದರೊಳಗಿನ ಬದುಕೂ ಸಣ್ಣದಾಗುತ್ತದೆ.

ನಮ್ಮ ಭಾಗದಲ್ಲಿ ಇದಕ್ಕೆ ಬೇರೆ ಹೆಸರುಗಳೂ ಇವೆ. 1882ರ ಸುಮಾರಿಗೆ ಮೈಸೂರಿನ ಚಾಮರಾಜ ಒಡೆಯರು ಕೊಟ್ಟ ಜಮೀನಿನಲ್ಲಿ ಆಂಗ್ಲೋ-ಇಂಡಿಯನ್ ಕುಟುಂಬಗಳ ಬೇಸಾಯದ ಊರಾಗಿ ವೈಟ್‌ಫೀಲ್ಡ್ ಹುಟ್ಟಿತು. ಅಲ್ಲಿನ ಹಳೆಯ ಚರ್ಚುಗಳಲ್ಲಿ ಇಂಗ್ಲಿಷಿನ ‘ಸರ್ವೀಸ್’ ಕೇಳಿಸುತ್ತದೆ. ಕನ್ನಡದ ಕಥೋಲಿಕರು ಹೇಳುವುದು ‘ಪೂಜೆ’, ಪೂರ್ತಿಯಾಗಿ ಹೇಳಿದರೆ ‘ದಿವ್ಯ ಬಲಿಪೂಜೆ’. ಐ.ಟಿ. ಕಂಪನಿಗಳ ಜೊತೆಗೆ ಬಂದ ಮಲಯಾಳಿ ಸಿರಿಯನ್ ಕ್ರೈಸ್ತರದು ‘ಕುರ್ಬಾನ’. ಸಿ.ಎಸ್.ಐ. ಸಭೆಯ ಹಿರಿಯರು ‘ದೇವಾರಾಧನೆ’ ಎನ್ನುತ್ತಾರೆ. ಈ ನಾಲ್ಕೂ ಹೆಸರುಗಳ ಹಿಂದೆ ಇರುವುದು ಒಂದೇ ಹಳೆಯ ಪ್ರಶ್ನೆ: ಪ್ರಾಣಿಬಲಿ ಕೊಡುತ್ತಿದ್ದ ದೇವಾಲಯ ಇಲ್ಲವಾದ ಮೇಲೆ ದೇವರ ಮುಂದೆ ಏನನ್ನು ಹಿಡಿದು ನಿಲ್ಲಬೇಕು?

‘ಆರಾಧನೆ’ ಕ್ರೈಸ್ತರಿಗಿಂತ ಬಹಳ ಮೊದಲೇ ಕನ್ನಡದಲ್ಲಿ ಬಾಳಿದ ಪದ. ಸಂಸ್ಕೃತದ ‘ರಾಧ್’ ಧಾತುವಿಗೆ ಈಡೇರಿಸು, ಒಲಿಸಿಕೊಳ್ಳು ಎಂಬ ಅರ್ಥಗಳಿವೆ. ಕನ್ನಡದ ಆರಂಭದ ಗದ್ಯಕೃತಿಯ ಹೆಸರಲ್ಲೇ ಈ ಪದವಿದೆ. ಸುಮಾರು 10ನೇ ಶತಮಾನದ್ದೆನ್ನುವ, ಶಿವಕೋಟ್ಯಾಚಾರ್ಯರ ಹೆಸರಿನೊಡನೆ ಬಂದಿರುವ ‘ವಡ್ಡಾರಾಧನೆ’ಯಲ್ಲಿ 19 ಜೈನ ಕಥೆಗಳಿವೆ. ಡಿ.ಎಲ್. ನರಸಿಂಹಾಚಾರ್ಯರ ಸಂಪಾದನೆಯಿಂದ ಅದು ನಮ್ಮ ಕಾಲದ ಓದುಗರ ಕೈಗೆ ಬಂತು. ಜೈನರಿಗೆ ಆರಾಧನೆಗಳು ನಾಲ್ಕು: ದರ್ಶನ, ಜ್ಞಾನ, ಚಾರಿತ್ರ, ತಪಸ್ಸು. ಸರಿಯಾಗಿ ನಂಬುವುದು, ಸರಿಯಾಗಿ ಅರಿಯುವುದು, ಸರಿಯಾಗಿ ನಡೆಯುವುದು, ಅದಕ್ಕಾಗಿ ನೋವನ್ನು ತಾಳುವುದು. ಇವನ್ನು ಕೊನೆಯುಸಿರಿನವರೆಗೂ ಕೈಬಿಡದೆ ಮುಗಿಸುವುದು ಆರಾಧನೆ. ನರಿಯೊಂದು ಮರಿಗಳೊಡನೆ ಬಂದು ಮೈಯನ್ನು ತಿನ್ನುತ್ತಿದ್ದರೂ ಕದಲದೆ ನಿಂತ ಸುಕುಮಾರಸ್ವಾಮಿಯದು ಆರಾಧನೆ. ಅಲ್ಲಿ ಆ ಪದಕ್ಕೆ ಗಂಟೆಯ ಲೆಕ್ಕವಿಲ್ಲ, ಆಯುಷ್ಯದ ಲೆಕ್ಕವಿದೆ.

ಮಂತ್ರಾಲಯದಲ್ಲಿ ರಾಯರ ಆರಾಧನೆ ನಡೆಯುವುದು ಅವರು ಬೃಂದಾವನ ಪ್ರವೇಶಿಸಿದ ತಿಥಿಯಂದು. ಅಲ್ಲಿಯೂ ಪೂರ್ತಿಗೊಂಡ ಒಂದು ಬಾಳನ್ನು ನೆನೆಯುವುದೇ ಆರಾಧನೆ. ಕರಾವಳಿಯ ಭೂತಾರಾಧನೆ, ನಾಗಾರಾಧನೆಗಳಲ್ಲಿ ಕುಟುಂಬ, ಭೂಮಿ, ಹರಕೆ, ಊಟ ಎಲ್ಲವೂ ಸೇರಿವೆ. ಈ ನೆಲದಲ್ಲಿ ಆರಾಧನೆ ಯಾವತ್ತೂ ಬರೀ ಬಾಯಿಯ ಕೆಲಸವಾಗಿರಲಿಲ್ಲ.

ಇಂಥ ಪದ ಕನ್ನಡ ಬೈಬಲಿನೊಳಗೆ ಬಂತು. ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ದುಡಿದು, 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಯಿತು. ಮುಂದೆ ತಿದ್ದುಪಡಿಗಳಾದವು, ಹೊಸ ಅನುವಾದಗಳಾದವು. ಇಂದಿಗೂ ಯಾಜಕಕಾಂಡವನ್ನು ಕನ್ನಡದಲ್ಲಿ ಓದುವವರಿಗೆ ಅದು ಪರಸ್ಥಳ ಅನ್ನಿಸುವುದಿಲ್ಲ. ಸರ್ವಾಂಗಹೋಮ, ನೈವೇದ್ಯ, ಯಜ್ಞವೇದಿ, ಧೂಪ, ಮಹಾಪವಿತ್ರಸ್ಥಾನ ಎಂಬ ಮಾತುಗಳೇ ಅಲ್ಲಿವೆ. ದಾವೀದನ ಹಾಡುಗಳಿಗೆ ‘ಕೀರ್ತನೆಗಳು’ ಎಂದೇ ಹೆಸರು. ಕಥೋಲಿಕರು ದೇವಸ್ಥಾನದ ಧ್ವಜಸ್ತಂಭದ ಬಳಿಯಿರುವ ‘ಬಲಿಪೀಠ’ವನ್ನು ತಮ್ಮ ಪೀಠಕ್ಕೆ ಹೆಸರಾಗಿ ತಂದುಕೊಂಡರು. ಪೂಜೆಯಲ್ಲಿ ಅವರು ಸ್ವೀಕರಿಸುವ ರೊಟ್ಟಿಯನ್ನು ‘ಪರಮಪ್ರಸಾದ’ ಎಂದರು. ಪದಗಳು ಬಂದಾಗ ಅವುಗಳ ನೆನಪೂ ಜೊತೆಗೇ ಬಂತು.

ಆ ನೆನಪು ಎಂಥದೆಂದು ತಿಳಿಯಲು ಎಲೆಕ್ಟ್ರಾನಿಕ್ ಸಿಟಿಯವರು ದೂರ ಹೋಗಬೇಕಿಲ್ಲ. 1978ರ ಸುಮಾರಿಗೆ ರಾಜ್ಯ ಸರ್ಕಾರದ ಕಿಯೋನಿಕ್ಸ್‌ನ ಆರ್.ಕೆ. ಬಾಳಿಗರು ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ ನೆಲದಲ್ಲಿ ಈ ನಗರವನ್ನು ಕಲ್ಪಿಸಿಕೊಳ್ಳುವ ಹೊತ್ತಿಗೆ ಪಕ್ಕದ ಬೇಗೂರಿನ ನಾಗೇಶ್ವರ ದೇವಾಲಯಕ್ಕೆ ಸಾವಿರ ವರ್ಷದ ಚರಿತ್ರೆಯಿತ್ತು. ಬೆಂಗಳೂರಿನ ಹೆಸರು ಮೊದಲು ಕಾಣಿಸುವ, ಕ್ರಿ.ಶ. 890ರ ಸುಮಾರಿನ ಶಾಸನ ಸಿಕ್ಕಿದ್ದು ಅಲ್ಲೇ. ಹೊರ ಅಂಗಳ, ನವರಂಗ, ಗರ್ಭಗುಡಿ ಎಂದು ಮೆಟ್ಟಿಲು ಮೆಟ್ಟಿಲಾಗಿ ಒಳಸರಿಯುವ ಪಾವಿತ್ರ್ಯ ನಮ್ಮ ಗುಡಿಗಳದು. ದೇವರ ‘ಅಂಗಭೋಗ ರಂಗಭೋಗ’ಕ್ಕೆಂದು ಗದ್ದೆ, ತೋಟ, ಸುಂಕಗಳನ್ನು ಬಿಟ್ಟುಕೊಟ್ಟದ್ದನ್ನು ಕನ್ನಡ ಶಾಸನಗಳು ಮತ್ತೆ ಮತ್ತೆ ಹೇಳುತ್ತವೆ. ಗುಡಿಯ ಪೂಜೆಗೆ ಊರಿನ ದುಡಿಮೆಯೇ ಬೇರು.

ಯೆರೂಸಲೇಮಿನ ದೇವಾಲಯವೂ ಹಾಗೆಯೇ ಮೆಟ್ಟಿಲು ಮೆಟ್ಟಿಲಾಗಿತ್ತು. ದಿನಕ್ಕೆ ಎರಡು ಕುರಿಮರಿ, ಬೆಳಿಗ್ಗೆ ಒಂದು, ಸಂಜೆ ಒಂದು. ಒಂದು ವರ್ಷದ, ಊನವಿಲ್ಲದ ಮರಿಯೇ ಆಗಬೇಕು. ಜೊತೆಗೆ ಎಣ್ಣೆ ಕಲಸಿದ ಹಿಟ್ಟು, ದ್ರಾಕ್ಷಾರಸ. ವೇದಿಯ ಬೆಂಕಿ ಆರಬಾರದು. ಲೇವಿಯರು ಕೀರ್ತನೆ ಹಾಡುವರು. ಪವಿತ್ರಸ್ಥಾನಕ್ಕೆ ಯಾಜಕರು ಮಾತ್ರ ಹೋಗಬಹುದು. ತೆರೆಯ ಆಚೆಗಿನ ಮಹಾಪವಿತ್ರಸ್ಥಾನಕ್ಕೆ ಮಹಾಯಾಜಕನೊಬ್ಬನೇ, ಅದೂ ವರ್ಷಕ್ಕೊಂದು ದಿನ. ನಮ್ಮ ಗುಡಿಗಳಿಗಿಂತ ದೊಡ್ಡ ವ್ಯತ್ಯಾಸ ಆ ತೆರೆಯ ಹಿಂದೆ ಇತ್ತು: ಅಲ್ಲಿ ಮೂರ್ತಿಯಿರಲಿಲ್ಲ. ಕ್ರಿ.ಪೂ. 63ರಲ್ಲಿ ರೋಮನ್ ಸೇನಾಪತಿ ಪಾಂಪೆ ಒಳನುಗ್ಗಿದಾಗಲೂ ಅಲ್ಲಿ ಯಾವ ವಿಗ್ರಹವೂ ಸಿಗಲಿಲ್ಲ. ಅನ್ಯಜನರು ಒಳ ಅಂಗಳಕ್ಕೆ ಕಾಲಿಟ್ಟರೆ ಸಾವೇ ಗತಿ ಎಂದು ಗ್ರೀಕಿನಲ್ಲಿ ಕೊರೆದ ಎಚ್ಚರಿಕೆಯ ಕಲ್ಲು 1871ರಲ್ಲಿ ಸಿಕ್ಕಿತು. ಈಗ ಅದು ಇಸ್ತಾಂಬುಲ್ಲಿನ ವಸ್ತುಸಂಗ್ರಹಾಲಯದಲ್ಲಿದೆ.

ಇಂದಿನ ಬೋಧನೆಗಳಲ್ಲಿ ಆ ದೇವಾಲಯದ ಆಚರಣೆಯನ್ನು ‘ಬರೀ ಸಂಪ್ರದಾಯ, ಬರೀ ರಕ್ತ’ ಎಂದು ತಳ್ಳಿಹಾಕುವುದುಂಟು. ಅದು ನ್ಯಾಯವಲ್ಲ. ಅಲ್ಲಿ ಬರಿಗೈಯಲ್ಲಿ ಹೋಗುವಂತಿರಲಿಲ್ಲ. ಕುಂಟು ಕುರುಡು ಪ್ರಾಣಿಗಳನ್ನು ತಂದವರಿಗೆ, ಇದನ್ನು ನಿಮ್ಮ ಅಧಿಕಾರಿಗೆ ಕೊಟ್ಟರೆ ಒಪ್ಪಿಯಾನೇ ಎಂದು ಪ್ರವಾದಿ ಮಲಾಕಿಯ ಕೇಳಿದ. ಕುರಿ ತರಲಾಗದ ಬಡವನಿಗೆ ಎರಡು ಪಾರಿವಾಳ ಸಾಕಿತ್ತು, ಅದೂ ಆಗದಿದ್ದರೆ ಒಂದಿಷ್ಟು ಹಿಟ್ಟು. ಶಿಶು ಯೇಸುವನ್ನು ಹೊತ್ತು ಬಂದ ಮರಿಯ, ಯೋಸೇಫರು ಕೊಟ್ಟಿದ್ದು ಬಡವರ ಕಾಣಿಕೆಯನ್ನೇ. ಧರ್ಮೋಪದೇಶಕಾಂಡದ ಪ್ರಕಾರ ಮೊದಲ ಫಲದ ಪುಟ್ಟಿ ಹೊತ್ತು ಬಂದವನು ತನ್ನವರೊಡನೆ ಮಾತ್ರ ಸಂತೋಷಪಟ್ಟರೆ ಸಾಲದು. ಊರಿನಲ್ಲಿ ಬಂದು ನೆಲೆಸಿದ ಪರದೇಶಿಯೂ ಆ ಸಂತೋಷದಲ್ಲಿ ಇರಬೇಕು. ಮೂರನೆಯ ವರ್ಷದ ದಶಮಭಾಗ ಪರದೇಶಿಗೆ, ಅನಾಥರಿಗೆ, ವಿಧವೆಯರಿಗೆ ಸಲ್ಲಬೇಕು. ಪೀಣ್ಯದಲ್ಲಿ ಕುಳಿತು ಇದನ್ನು ಓದುವಾಗ ಆ ಪರದೇಶಿ ಯಾರೆಂದು ಹುಡುಕಬೇಕಾಗಿಲ್ಲ. ಒಡಿಶಾ, ಬಿಹಾರ, ಉತ್ತರ ಕರ್ನಾಟಕ, ಆಂಧ್ರಗಳಿಂದ ಬಂದು ಒಂದೇ ಕೋಣೆಯಲ್ಲಿ ಪಾಳಿಯಂತೆ ಮಲಗುವ ಹುಡುಗರು ನಮ್ಮ ಓಣಿಯಲ್ಲೇ ಇದ್ದಾರೆ.

ಇಂಥ ಬಲಿಯಾಚರಣೆಯ ವಿರುದ್ಧ ಮೊದಲು ದನಿಯೆತ್ತಿದವರೂ ಆ ಜನರ ಪ್ರವಾದಿಗಳೇ. ಕರುಣೆಯಿಲ್ಲದ ಯಜ್ಞ ದೇವರಿಗೆ ಬೇಡ ಎಂದ ಹೋಶೇಯ. ನ್ಯಾಯ ಹೊಳೆಯಾಗಿ ಹರಿಯದಿದ್ದರೆ ನಿಮ್ಮ ಹಬ್ಬವೂ ಬೇಡ, ಹಾಡಿನ ಗದ್ದಲವೂ ಬೇಡ ಎಂದ ಆಮೋಸ. ಆಮೋಸನ ಪಟ್ಟಿಯಲ್ಲಿ ಹಾಡೂ ಇದೆ ಎಂಬುದನ್ನು ನಾವು ಗಮನಿಸಬೇಕು. ಬಲಿಯಷ್ಟೇ ಸುಲಭವಾಗಿ ಹಾಡೂ ಟೊಳ್ಳಾಗಬಲ್ಲದು ಎಂಬ ಎಚ್ಚರ ಅವನಿಗಿತ್ತು.

ಆ ಸಾಲಿನಲ್ಲೇ ಯೇಸು ಬಂದ. ದೇವಾಲಯದ ಅಂಗಳದಲ್ಲಿ ಚಿನಿವಾರರ ಮೇಜುಗಳನ್ನು ಕೆಡವಿದ. ಈ ಬೆಟ್ಟದಲ್ಲೋ ಯೆರೂಸಲೇಮಿನಲ್ಲೋ ಎಂದು ಕೇಳಿದ ಸಮಾರ್ಯದ ಹೆಂಗಸಿಗೆ, ಆರಾಧನೆ ಜಾಗಕ್ಕೆ ಕಟ್ಟುಬೀಳದ ಕಾಲ ಬಂದಿದೆ ಎಂದ. ಕ್ರಿ.ಶ. 70ರಲ್ಲಿ ರೋಮನ್ ಸೇನಾಪತಿ ಟೈಟಸನ ಸೈನ್ಯ ದೇವಾಲಯವನ್ನು ಸುಟ್ಟುಹಾಕಿತು. ಯೆಹೂದ್ಯರು ಪ್ರಾರ್ಥನೆ, ಧರ್ಮಶಾಸ್ತ್ರದ ಓದು, ದಾನಧರ್ಮಗಳಲ್ಲಿ ತಮ್ಮ ಭಕ್ತಿಯನ್ನು ಉಳಿಸಿಕೊಂಡರು. ಕ್ರೈಸ್ತರು ಅಷ್ಟರಲ್ಲಾಗಲೇ ಬೇರೊಂದು ಮಾತು ಹೇಳತೊಡಗಿದ್ದರು: ಯೇಸುವಿನ ಮರಣವೇ ಎಂದೆಂದಿಗೂ ಸಾಲುವ ಒಂದೇ ಯಜ್ಞ, ನಂಬಿದವರ ಕೂಟವೇ ದೇವಾಲಯ, ಅವರ ಶರೀರವೇ ಕಾಣಿಕೆ. ರೋಮಿನವರಿಗೆ ಬರೆದ ಪತ್ರದಲ್ಲಿ ಪೌಲ, ಬದುಕಿರುವಾಗಲೇ ದೇಹವನ್ನು ಯಜ್ಞವಾಗಿ ಒಪ್ಪಿಸಿ, ನಿಮ್ಮ ಆರಾಧನೆ ಅದೇ ಎಂದ. ಅನ್ಯರನ್ನು ತಡೆದಿದ್ದ ಗೋಡೆ ಬಿತ್ತೆಂದು ಎಫೆಸದವರಿಗೆ ಬರೆದ ಪತ್ರ ಸಾರಿತು. ಮೈಯಲ್ಲೇ ಗುಡಿಯನ್ನು ಕಂಡ ಬಸವಣ್ಣನವರ ನಾಡಿನವರಿಗೆ ಈ ಮಾತು ತೀರಾ ಹೊಸದಾಗಿ ಕೇಳಿಸದು.

ಇಲ್ಲಿಂದ ಮುಂದೆ ಕ್ರೈಸ್ತರೊಳಗೇ ದಾರಿಗಳು ಬೇರೆಯಾಗುತ್ತವೆ. ಕ್ರಿಸ್ತನ ಆ ಒಂದೇ ಬಲಿ ಪೂಜೆಯಲ್ಲಿ ಮತ್ತೆ ನಮ್ಮೆದುರು ಬರುತ್ತದೆ, ಹೊಸದಾಗಿ ಕೊಲ್ಲುವುದೇನೂ ಇಲ್ಲ ಎನ್ನುವುದು ಕಥೋಲಿಕರ ನಂಬಿಕೆ. ಆದ್ದರಿಂದ ‘ಬಲಿ’ ಎಂಬ ಮಾತನ್ನು ಅವರು ಬಿಡಲಿಲ್ಲ. ಪ್ರಾಟೆಸ್ಟಂಟರು ಬಲಿ ಮುಗಿದ ಕೆಲಸ ಎಂದು ಒತ್ತಿ ಹೇಳಿ ‘ಕರ್ತನ ಭೋಜನ’ ಎಂದರು. ಪೆಂತೆಕೊಸ್ತರು ಇಬ್ರಿಯರ ಪತ್ರದಲ್ಲಿ ಬರುವ ಸ್ತೋತ್ರಯಜ್ಞದ ಮಾತನ್ನು ಹಿಡಿದರು. ಹಾಡಿಗೆ ಅವರಲ್ಲಿ ಅಷ್ಟೊಂದು ಬೆಲೆ ಬಂದದ್ದು ಹಾಗೆ. 1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಸಮ್ಮೇಳನದ ನಂತರ ಲ್ಯಾಟಿನ್ ಪೂಜೆ ಕನ್ನಡಕ್ಕೆ ತಿರುಗಿತು. 1967ರಲ್ಲಿ ಬೆಂಗಳೂರಿನಲ್ಲಿ ಎನ್‌ಬಿಸಿಎಲ್‌ಸಿ ಎಂಬ ಕೇಂದ್ರವನ್ನು ಕಟ್ಟಿದ ಫಾದರ್ ಡಿ.ಎಸ್. ಅಮಲೋರ್ಪವದಾಸ್ ಪೂಜೆಗೆ ಈ ನೆಲದ ನಡೆ ತರಲು ದುಡಿದರು. 1969ರಲ್ಲಿ ಒಪ್ಪಿಗೆ ಸಿಕ್ಕ 12 ಅಂಶಗಳಲ್ಲಿ ಆರತಿ, ಎಣ್ಣೆದೀಪ, ಕೈಮುಗಿಯುವುದು, ನೆಲದ ಮೇಲೆ ಕೂರುವುದು ಇದ್ದವು. ಕೆಲವರು ಇದನ್ನು ವಿರೋಧಿಸಿದರು, ಕೆಲವರು ಒಪ್ಪಿಕೊಂಡರು. ದೇವಾಲಯದ ಶರೀರಭಾಷೆ ಆರಾಧನೆಯಿಂದ ಪೂರ್ತಿ ಹೊರಟುಹೋಗಲಾರದು ಎಂಬುದನ್ನಂತೂ ಆ ಪ್ರಯತ್ನ ತೋರಿಸಿತು.

ಹಾಗಾದರೆ ದೇವಾಲಯವೂ ಇಲ್ಲದ, ಚರ್ಚಿನ ಕಟ್ಟಡವೂ ಇಲ್ಲದ ಮೊದಲ ಕ್ರೈಸ್ತರ ಆರಾಧನೆ ಹೇಗಿತ್ತು? ನಮಗೆ ಸಿಕ್ಕಿರುವ ಎರಡು ಸಾಕ್ಷ್ಯಗಳನ್ನು ಪೀಣ್ಯ, ಬೊಮ್ಮಸಂದ್ರ, ಹೂಡಿಯ ಪ್ರತಿಯೊಂದು ಸಭೆಯೂ ಓದಬೇಕೆಂಬ ಆಸೆ ನನ್ನದು. ಮೊದಲನೆಯದು ಕ್ರಿ.ಶ. 112ರ ಸುಮಾರಿಗೆ ಈಗಿನ ಟರ್ಕಿಯ ಉತ್ತರ ಭಾಗವನ್ನು ಆಳುತ್ತಿದ್ದ ರೋಮನ್ ಅಧಿಕಾರಿ ಪ್ಲಿನಿ ಚಕ್ರವರ್ತಿ ಟ್ರಾಜನನಿಗೆ ಬರೆದ ಕಾಗದ. ಈ ಜನ ಗೊತ್ತಾದ ಒಂದು ದಿನ ಬೆಳಕು ಹರಿಯುವ ಮೊದಲೇ ಸೇರುತ್ತಾರೆ, ಕ್ರಿಸ್ತನನ್ನು ದೇವರೆಂದು ಹಾಡುತ್ತಾರೆ, ಕದಿಯುವುದಿಲ್ಲ, ಹಾದರ ಮಾಡುವುದಿಲ್ಲ, ಕೊಟ್ಟ ಮಾತಿಗೆ ತಪ್ಪುವುದಿಲ್ಲ, ನಂಬಿ ಇಟ್ಟ ಒಡವೆಯನ್ನು ಇಲ್ಲವೆನ್ನುವುದಿಲ್ಲ ಎಂದು ಪ್ರತಿಜ್ಞೆ ಮಾಡುತ್ತಾರೆ, ಚದುರಿಹೋಗಿ ಆಮೇಲೆ ಊಟಕ್ಕೆ ಮತ್ತೆ ಕೂಡುತ್ತಾರೆ ಎಂದು ಅವನು ವರದಿ ಮಾಡಿದ. ಇದನ್ನು ಖಚಿತಪಡಿಸಿಕೊಳ್ಳಲು ಅವನು ಹಿಂಸಿಸಿ ವಿಚಾರಿಸಿದ್ದು ಸಭೆಯ ಸೇವಕಿಯರಾಗಿದ್ದ ಇಬ್ಬರು ದಾಸಿಯರನ್ನು. ಅಂದು ಭಾನುವಾರ ರಜೆಯಿರಲಿಲ್ಲ. ಚಕ್ರವರ್ತಿ ಕಾನ್‌ಸ್ಟಂಟೈನ್ ಅದನ್ನು ವಿಶ್ರಾಂತಿಯ ದಿನ ಮಾಡಿದ್ದು 321ರಲ್ಲಿ. ದುಡಿಯುವವರಿಗೆ ಕತ್ತಲಲ್ಲಿ ಕೂಡುವುದೊಂದೇ ದಾರಿಯಾಗಿತ್ತು. ಮೊದಲ ಪಾಳಿಗೆ ಹೋಗುವ ಮುಂಚೆ ಪ್ರಾರ್ಥನೆಗೆ ಸೇರುವ ನಮ್ಮ ಕಾರ್ಮಿಕರ ಕೂಟ ಕೊರತೆಯ ಆರಾಧನೆಯಲ್ಲ, ಅತ್ಯಂತ ಹಳೆಯ ಆರಾಧನೆಗಳಲ್ಲಿ ಒಂದು.

ಎರಡನೆಯದು ಕ್ರಿ.ಶ. 155ರ ಸುಮಾರಿಗೆ ರೋಮಿನಲ್ಲಿ ಕ್ರೈಸ್ತ ಬೋಧಕ ಜಸ್ಟಿನ್ ಬರೆದದ್ದು. ಸೂರ್ಯನ ದಿನ ಪೇಟೆಯವರೂ ಹಳ್ಳಿಯವರೂ ಒಂದೆಡೆ ಸೇರುತ್ತಾರೆ. ಸಮಯ ಇರುವಷ್ಟು ಹೊತ್ತು ಅಪೊಸ್ತಲರ, ಪ್ರವಾದಿಗಳ ಬರಹಗಳನ್ನು ಓದುತ್ತಾರೆ. ಮುಖ್ಯಸ್ಥ ಬೋಧಿಸುತ್ತಾನೆ. ಎದ್ದು ನಿಂತು ಪ್ರಾರ್ಥಿಸುತ್ತಾರೆ. ರೊಟ್ಟಿ, ದ್ರಾಕ್ಷಾರಸ ಹಂಚುತ್ತಾರೆ. ಬರಲಾಗದವರಿಗೆ ಅವರ ಪಾಲನ್ನು ಸೇವಕರು ಒಯ್ದು ಕೊಡುತ್ತಾರೆ. ಉಳ್ಳವರು ಇಷ್ಟವಾದಷ್ಟು ಕೊಡುತ್ತಾರೆ. ಅದು ಅನಾಥರಿಗೆ, ವಿಧವೆಯರಿಗೆ, ರೋಗಿಗಳಿಗೆ, ಸೆರೆಯಲ್ಲಿರುವವರಿಗೆ, ಊರಿಗೆ ಬಂದ ಪರದೇಶಿಗಳಿಗೆ. ಓದು, ಬೋಧನೆ, ಪ್ರಾರ್ಥನೆ, ಊಟ, ಹಣ, ಗೈರುಹಾಜರಾದವರ ಪಾಲು, ಇಷ್ಟೂ ಸೇರಿ ಒಂದೇ ಆರಾಧನೆ. ದೇವಾಲಯದ ಕಾಲದ ಮೂರನೆಯ ವರ್ಷದ ದಶಮಭಾಗದಲ್ಲಿದ್ದ ಪರದೇಶಿ ಇಲ್ಲಿಯೂ ಇದ್ದಾನೆ. ಬಲಿ ನಿಂತಿತು, ಅವನ ಪಾಲು ನಿಲ್ಲಲಿಲ್ಲ.

ಹೀಬ್ರೂ ಭಾಷೆಯಲ್ಲಿ ದೇವಾಲಯದ ಸೇವೆಗೆ ‘ಅವೋದಾ’ ಎಂಬ ಪದವಿದೆ. ಹೊಲದ ಗೇಯ್ಮೆಗೂ ಅದೇ ಪದ, ಐಗುಪ್ತದಲ್ಲಿ ಇಸ್ರಾಯೇಲರು ಇಟ್ಟಿಗೆ ಹೊತ್ತ ಬಿಟ್ಟಿದುಡಿಮೆಗೂ ಅದೇ ಪದ. ದೇವರ ಸೇವೆಗೆ ಜನರನ್ನು ಕಳುಹಿಸಿಕೊಡು ಎಂದು ಮೋಶೆ ಕೇಳಿದಾಗ ಫರೋಹ ಹುಲ್ಲು ಕೊಡುವುದನ್ನು ನಿಲ್ಲಿಸಿದ, ಇಟ್ಟಿಗೆಯ ಲೆಕ್ಕವನ್ನು ಮಾತ್ರ ಇಳಿಸಲಿಲ್ಲ. ಪೀಸ್ ರೇಟಿನ, ಟಾರ್ಗೆಟ್ಟಿನ, ಓವರ್‌ಟೈಮಿನ ನಮ್ಮ ಜನರಿಗೆ ಈ ಕಥೆ ಬಿಡಿಸಿ ಹೇಳಬೇಕಿಲ್ಲ. ಒಂದು ಸೇವೆ ಮನುಷ್ಯನನ್ನು ಸವೆಸುತ್ತದೆ, ಇನ್ನೊಂದು ಎತ್ತಿ ನಿಲ್ಲಿಸುತ್ತದೆ. ಎರಡೂ ಕೈಗಳಿಂದಲೇ ನಡೆಯುತ್ತವೆ. ದುಡಿಮೆಯನ್ನೂ ಪೂಜೆಯನ್ನೂ ಬೇರೆ ಮಾಡದ ನಮ್ಮ ‘ಕಾಯಕ’ ಈ ಪದದ ನೆರೆಯಲ್ಲೇ ಇದೆ. ಗಂಡ ಆಯ್ದು ತಂದ ಅಕ್ಕಿ ಅಗತ್ಯಕ್ಕಿಂತ ಹೆಚ್ಚಾಯಿತೆಂದು ಆಯ್ದಕ್ಕಿ ಲಕ್ಕಮ್ಮ ಹೆಚ್ಚಿನದನ್ನು ಹಿಂದಿರುಗಿಸಲು ಹೇಳಿದಳು. ದುಡಿಮೆ ಆರಾಧನೆಯಾಗುವುದು ಅದರಲ್ಲಿ ದುರಾಸೆ ಬೆರೆಯದಿದ್ದಾಗ ಎಂಬುದು ಅವಳು ಕಲಿಸಿದ ಪಾಠ.

ಇನ್ನೊಂದು ಪದ ‘ಕುರ್ಬಾನ’. ಹೀಬ್ರೂವಿನ ಕೊರ್ಬಾನ್, ಸಿರಿಯಾಕ್ ಭಾಷೆಯ ಕುರ್ಬಾನ, ಬಕ್ರೀದಿನಂದು ನಮ್ಮ ಮುಸ್ಲಿಂ ನೆರೆಯವರು ಹೇಳುವ ಕುರ್ಬಾನಿ, ಇವೆಲ್ಲ ‘ಹತ್ತಿರ ಬರು’ ಎಂಬರ್ಥದ ಒಂದೇ ಬೇರಿನವು. ಮಾರ್ಕನ ಸುವಾರ್ತೆಯಲ್ಲಿ ಯೇಸು ಈ ಪದ ಎತ್ತಿದ್ದು ಖಂಡಿಸುವುದಕ್ಕೆ. ತಂದೆತಾಯಿಗೆ ಸಲ್ಲಬೇಕಾದುದನ್ನು ‘ಕೊರ್ಬಾನ್’, ದೇವರಿಗೆ ಮುಡಿಪು ಎಂದು ಹೇಳಿ ತಪ್ಪಿಸಿಕೊಳ್ಳುವವರನ್ನು ಅವನು ತರಾಟೆಗೆ ತೆಗೆದುಕೊಂಡ. ಇದು ನಮ್ಮನ್ನು ನೇರವಾಗಿ ಮುಟ್ಟುವ ಮಾತು. ರಾಯಚೂರಿನಲ್ಲೋ ಕೋಲಾರದಲ್ಲೋ ಇರುವ ಅಪ್ಪ ಅಮ್ಮನಿಗೆ ತಿಂಗಳ ಹಣ ಕಳುಹಿಸುವ ಹುಡುಗಿಗೆ, ಸಭೆಗೆ ಕೊಡುವುದು ಕಡಿಮೆಯಾಯಿತೆಂದು ಯಾರೂ ನಾಚಿಕೆ ಹುಟ್ಟಿಸಬಾರದು. ಅವಳ ಆ ಹಣವೂ ಕಾಣಿಕೆಯೇ.

ಹಾಡನ್ನು ತಗ್ಗಿಸಬೇಕೆಂದು ನಾನು ಹೇಳುತ್ತಿಲ್ಲ. ವಾರವಿಡೀ ಯಂತ್ರದ ಸದ್ದಿನಲ್ಲಿ, ಬೇರೆಯವರ ಭಾಷೆಯಲ್ಲಿ, ಬೇರೆಯವರ ಆಜ್ಞೆಯಲ್ಲಿ ಕಳೆದವರಿಗೆ ತಮ್ಮ ದನಿಯನ್ನು ತಾವೇ ಕೇಳಿಸಿಕೊಳ್ಳುವ ಹೊತ್ತು ಅದು. ಕಣ್ಣೀರು ಸುರಿಸಿ, ಕೈಯೆತ್ತಿ ಹಾಡುವಾಗ ಅವರ ಬೆನ್ನು ನೆಟ್ಟಗಾಗುತ್ತದೆ. ಲೇವಿಯರ ಹಾಡೂ ದೇವಾಲಯದಲ್ಲಿತ್ತು, ಕತ್ತಲಿನ ಕೂಟದಲ್ಲೂ ಹಾಡಿತ್ತು. ಆದರೆ ದೇವಾಲಯದಲ್ಲಿ ಹಾಡು ಕಾಣಿಕೆಯ ಜೊತೆಗೆ ಬರುತ್ತಿತ್ತು, ಪ್ಲಿನಿ ವರದಿ ಮಾಡಿದ ಕೂಟದಲ್ಲಿ ಪ್ರತಿಜ್ಞೆಯ ಜೊತೆಗೆ. ಒಂಟಿಯಾಗಿ ಉಳಿದ ಹಾಡು ಬೇಗ ಸುಸ್ತಾಗುತ್ತದೆ. ಪ್ರತಿ ವಾರ ಇನ್ನಷ್ಟು ಸದ್ದು, ಇನ್ನಷ್ಟು ಭಾವ ಬೇಡುತ್ತದೆ. ರಾತ್ರಿಪಾಳಿ ಮುಗಿಸಿ ಈಗಷ್ಟೇ ಮಲಗಿದ ಪಕ್ಕದ ಮನೆಯವನ ನಿದ್ದೆಯನ್ನು ನೆನೆದು ಸ್ಪೀಕರಿನ ಸದ್ದು ಇಳಿಸುವುದೂ ಆರಾಧನೆಯೇ. ಅನ್ಯರನ್ನು ತಡೆಯುವ ಗೋಡೆ ಬಿತ್ತೆಂದು ಹಾಡುವವರು ತಮ್ಮೊಳಗಿನ ಜಾತಿಯ ಗೋಡೆಯನ್ನು ಮದುವೆಯ ಮಾತುಕತೆಯಲ್ಲೂ ಕೆಡವಿದರೆ ಅದು ಇನ್ನೂ ದೊಡ್ಡ ಆರಾಧನೆ.

ಆದ್ದರಿಂದ ನಮ್ಮ ಬೋಧಕರಲ್ಲಿ, ಗುರುಗಳಲ್ಲಿ, ಹಾಡು ನಡೆಸುವ ಮಕ್ಕಳಲ್ಲಿ ನನ್ನದೊಂದು ಬೇಡಿಕೆ. ಹಾಡಿನ ಹೊತ್ತನ್ನು ‘ಸ್ತುತಿ’ ಎನ್ನಿ, ‘ಕೀರ್ತನೆ’ ಎನ್ನಿ. ಎರಡೂ ನಮ್ಮಲ್ಲಿರುವ ಒಳ್ಳೆಯ ಮಾತುಗಳು. ‘ಆರಾಧನೆ’ಯನ್ನು ಅದರ ಪೂರ್ಣ ಅಳತೆಗೆ ಬಿಟ್ಟುಕೊಡಿ. ಓದು, ಊಟ, ಕಾಣಿಕೆ, ಪ್ರತಿಜ್ಞೆಗಳು ಅದರೊಳಗೆ ಬರಲಿ. ಪಾಳಿಯಿಂದಾಗಿ ಬರಲಾಗದವರ ಮನೆಗೆ ಅವರ ಪಾಲು ತಲುಪಲಿ. ಕೆಲಸ ಕಳೆದುಕೊಂಡವನ ಬಾಡಿಗೆ ಸಭೆಯ ಲೆಕ್ಕದಲ್ಲಿರಲಿ. ಸೋಮವಾರ ಲೇತಿನ ಮುಂದೆ, ಹೊಲಿಗೆ ಯಂತ್ರದ ಮುಂದೆ, ಕಂಪ್ಯೂಟರಿನ ಮುಂದೆ ಸುಳ್ಳು ಲೆಕ್ಕ ಬರೆಯದೆ, ಕೈಕೆಳಗಿನವರನ್ನು ಬೈಯದೆ ಮಾಡಿದ ಕೆಲಸವನ್ನು ಪ್ರತಿಯೊಬ್ಬರೂ ಮುಂದಿನ ಭಾನುವಾರ ದೇವರ ಮುಂದೆ ಹೆಸರಿಟ್ಟು ಒಪ್ಪಿಸಲಿ. ಸಾವಿರ ವರ್ಷದ ಹಿಂದೆ ಕನ್ನಡ ಈ ಪದಕ್ಕೆ ಇಡೀ ಬಾಳನ್ನೇ ತುಂಬಿ ಕೊಟ್ಟಿತ್ತು, ಪೌಲನೂ ತನ್ನವರಲ್ಲಿ ಅಷ್ಟನ್ನೇ ಕೇಳಿದ್ದ. ನಾವು ಅದಕ್ಕಿಂತ ಕಡಿಮೆ ಕೊಡಬಾರದು.